ಮುಂದಿನ ಸೀಟಿನಲ್ಲಿ ಶಾಂತಮ್ಮ

ಹೈದರಾಬಾದಿನ ಬಾಂಬ್ ಸ್ಫೋಟದಲ್ಲಿ ನನ್ನ ತಮ್ಮ ತೀರಿಕೊಂಡ ಹದಿನಾಲ್ಕನೆಯ ದಿನ ನಾನು ಮತ್ತೆ ಶಾಲೆಗೆ ಪಾಠ ಹೇಳಲು ಹೊರಟೆ. ನಾಚಾರಂನ ನಮ್ಮ ಕಾಲನಿಯ ಗೇಟಿನಲ್ಲಿ ಮಹಬೂಬ್ ಅವರ ಶಾಲಾ ವ್ಯಾನು ಖಾಲಿ ನಿಂತಿತ್ತು. ಅವರು ಮುಸಲ್ಮಾನರೆಂದು ಸ್ಫೋಟವಾದಾಗಿನಿಂದ ಯಾರೂ ಮಕ್ಕಳನ್ನು ಅದಕ್ಕೆ ಹತ್ತಿಸಿರಲಿಲ್ಲ.

ಆಗ ಪಕ್ಕದ ಮನೆಯ ಶಾಂತಮ್ಮ ಮೊಮ್ಮಗಳ ಕೈ ಹಿಡಿದು ಬಂದರು. ವಾಂತಿಯ ಭಯಕ್ಕೆ ಯಾವ ಗಾಡಿಯನ್ನೂ ಹತ್ತದ ಮುದುಕಿ, ಮೂಗಿಗೆ ನಿಂಬೆಹಣ್ಣು ಒತ್ತಿಕೊಂಡು ಮಹಬೂಬರ ಪಕ್ಕದ ಸೀಟಿನಲ್ಲಿ ಕೂತರು. ಅಷ್ಟು ದೊಡ್ಡ ಧೈರ್ಯವನ್ನು ನಾನು ಅಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ.

“ಟೀಚರ್ ಮಾರಿನಾದ್ರೂ ನೋಡ್ರಿ, ಅಮ್ಮಾ,” ಎಂದರು ಅಲ್ಲಿದ್ದ ಒಬ್ಬ ತಂದೆ, ನನ್ನತ್ತ ಕೈ ತೋರಿಸಿ.

“ನೋಡೇ ಹತ್ತೀನಪ್ಪಾ. ಆಕಿ ತಮ್ಮನ್ನ ಕೊಂದಾವ ಇವನೇನು? ಅವತ್ತು ಚಟ್ಟಕ್ಕ ಹೆಗಲು ಕೊಡಾಕ ಬಂದಾಗ ಬ್ಯಾಡ ಅನಲಿಲ್ಲಲ್ಲ ನೀವು?”

ಎಲ್ಲರೂ ನನ್ನತ್ತ ತಿರುಗಿದರು. ನಾನು ವ್ಯಾನು ಹತ್ತಿದೆ. ನನ್ನ ಹಿಂದೆ ಇಬ್ಬರು ಮಕ್ಕಳೂ ಹತ್ತಿದರು.

“ಸಾವಕಾಶ ಹೊಡೀ, ತಮ್ಮಾ,” ಎಂದು ಶಾಂತಮ್ಮ ದಾರಿಯುದ್ದಕ್ಕೂ ಮಹಬೂಬರನ್ನು ಗದರಿಸಿದರು. ಅವರು ಎಷ್ಟು ಸಾವಕಾಶ ಹೊಡೆದರೆಂದರೆ, ಅಂದು ಹಾಜರಿ ಪುಸ್ತಕದಲ್ಲಿ ಮೊದಲ ಬಾರಿಗೆ ನನ್ನ ಹೆಸರಿನ ಮುಂದೆ ‘ತಡ’ ಎಂದು ನಾನೇ ಬರೆದುಕೊಂಡೆ.