ಧ್ಯಾನದ ಮಣೆ, ಫೋನಿನ ಮಳೆ

ನಮ್ಮ ಮನೆಯ ಹಲಸಿನ ಮಣೆ ಊಟಕ್ಕೆ ಕೂತವರ ಭಾರವನ್ನು ಎಷ್ಟೋ ವರ್ಷ ಹೊತ್ತಿತ್ತೇ ಹೊರತು, ಮೋಕ್ಷಕ್ಕೆ ಕೂತವರನ್ನು ಕಂಡಿರಲಿಲ್ಲ. ಹೋದ ಜನವರಿಯಲ್ಲಿ ಅದೂ ಆಯಿತು. ಚಿಕ್ಕಮಗಳೂರಿನ ಡಾಕ್ಟರು ನನ್ನ ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ಮುಖ ಸಪ್ಪೆ ಮಾಡಿಕೊಂಡು, "ದಿನಾ ಧ್ಯಾನ ಮಾಡಿ. ಯುಗಾದಿಯೊಳಗೆ ಬಿ.ಪಿ. ಇಳಿಯದಿದ್ರೆ ಮಾತ್ರೆ ಶುರು" ಎಂದಿದ್ದರು. ಅಪ್ಪ ಆ ಮಾತ್ರೆಯನ್ನು ಕೊನೆತನಕ ನುಂಗಿದ್ದನ್ನು ಕಂಡವಳು ನಾನು. ನಿಜ ಹೇಳುತ್ತೇನೆ, ಹೆದರಿದೆ.

ಸೊಸೆ ಫೋನಿಗೆ ಧ್ಯಾನದ ಆ್ಯಪ್ ಹಾಕಿಕೊಟ್ಟಳು. ಕಾಫಿ ಒಣಗಿಸುವ ಕಣದ ಪಕ್ಕದ ಜಗಲಿಯಲ್ಲಿ ಮಣೆ ಹಾಕಿ, ಕಣ್ಣು ಮುಚ್ಚಿ, ಸಾಕ್ಷಾತ್ ಯೋಗಿನಿಯ ಗತ್ತಿನಲ್ಲಿ ಕೂತೆ. ಫೋನಿನೊಳಗಿನ ಹೆಂಗಸು ಉಸಿರು ಎಳೆಸಿದಳು, ಬಿಡಿಸಿದಳು, ಆಮೇಲೆ ನನ್ನ ಮನಸ್ಸು ತಂಪಾಗಲೆಂದು ಮಳೆ ಸುರಿಸಿದಳು.

ನೀವೇ ಯೋಚಿಸಿ: ಸಿಪ್ಪೆ ಬಿಡಿಸಿ ತೊಳೆದ ಪಾರ್ಚ್‌ಮೆಂಟ್ ಕಾಫಿಬೀಜ ಕಣದ ತುಂಬ ಹರಡಿರುವಾಗ ಧೋ ಎಂದು ಮಳೆ! ನೆನೆದರೆ ವರ್ಷದ ಬೆಳೆಗೆ ಬೂಷ್ಟು. ಯೋಗಿನಿ ಎಗರಿ ಎದ್ದು, "ಟಾರ್ಪಾಲ್ ಎಳೀರೇ!" ಎಂದು ಕಿರುಚಿದಳು. ಕಣದ ಕೆಲಸದ ಹೆಂಗಸರು ಬಿದ್ದೆನೋ ಎದ್ದೆನೋ ಎಂದು ಓಡಿ ಕಣವೆಲ್ಲ ಮುಚ್ಚಿದರು. ಮೇಸ್ತ್ರಿ ಶೇಷಮ್ಮ ಬರಿಗಾಲು ಎತ್ತೆತ್ತಿ ಇಡುತ್ತ, "ನೆಲ ಸುಡ್ತಾ ಇದೆ ಅಮ್ಮಾ. ಮಳೆ ನಿಮ್ಮ ಫೋನಲ್ಲಿ ಬರ್ತಾ ಇರೋದು!" ಎಂದಳು. ಎಲ್ಲರೂ ನಕ್ಕರು, ನನ್ನ ಎದೆ ಮಾತ್ರ ಹೊಡೆದುಕೊಳ್ಳುತ್ತಲೇ ಇತ್ತು.

ಆ್ಯಪ್ ಮಾಡಿದ ಪುಣ್ಯಾತ್ಮ ಕಾಫಿ ಕುಡಿದಿದ್ದಾನು, ಒಣಗಿಸಿಲ್ಲ. ನರನಾಡಿಗಳೆಲ್ಲ ಶಾಂತವಾಗುತ್ತವೆಂದು ಅವನು ಹೇಳುವುದೇನೋ ಸರಿಯೇ, ಆದರೆ ನನ್ನ ನರನಾಡಿಗಳು ಮೊದಲು ತಿಂಗಳು ಯಾವುದೆಂದು ಕೇಳುತ್ತವೆ. ಮರುದಿನದಿಂದ ಫೋನು ಆರಿಸಿ ಕೂತೆ. ಶೇಷಮ್ಮ ಮರದ ಹಲಗೆಯಲ್ಲಿ ಕಾಫಿ ಕೆದರುತ್ತ ಆ ತುದಿಗೆ ಹೋದಾಗ ಉಸಿರು ಒಳಗೆ, ಈ ತುದಿಗೆ ಬಂದಾಗ ಹೊರಗೆ. ವಾರ ಕಳೆಯುವಷ್ಟರಲ್ಲಿ ಕಿವಿಯ ತನಕ ಏರಿದ್ದ ಭುಜ ತನ್ನ ಜಾಗಕ್ಕೆ ಇಳಿಯಿತು, ನಿದ್ದೆಯೂ ಬಂತು, ಬೈಗುಳ ಅರ್ಧಕ್ಕರ್ಧ ಕಡಿಮೆಯಾಯಿತೆಂದು ಸೊಸೆಯ ಸಾಕ್ಷಿ.

ಮಾರ್ಚಿ ಬಂತು. ಕಾಫಿಗಿಡದ ಮೊಗ್ಗು ಅರಳಲು ಒಂದು ಹೂಮಳೆ ಬೇಕು, ಆಕಾಶ ಖಾಲಿ. ಭುಜ ಮತ್ತೆ ಏರತೊಡಗಿತು. ಯುಗಾದಿಗೆ ನಾಲ್ಕೇ ದಿನ. ಆ ಸಂಜೆ ನಾಚಿಕೆ ಬಿಟ್ಟು ಫೋನಿನ ಮಳೆಯನ್ನೇ ಹಚ್ಚಿದೆ. ಲೆಕ್ಕ ಒಪ್ಪಿಸಲು ಬಂದ ಶೇಷಮ್ಮ ಮೆಟ್ಟಿಲ ಮೇಲೆ ಕೂತು, "ಸ್ವಲ್ಪ ಜೋರು ಮಾಡಿ ಅಮ್ಮಾ" ಎಂದಳು. ಒಳಗಿಂದ ಇನ್ನೊಂದು ಮಣೆ ತಂದುಹಾಕಿದೆ. ಇಬ್ಬರೂ ಕಣ್ಣು ಮುಚ್ಚಿದೆವು.

ಎಷ್ಟು ಹೊತ್ತಾಯಿತೋ ತಿಳಿಯದು. ಶೇಷಮ್ಮ ನನ್ನ ಮೊಣಕೈ ಮುಟ್ಟಿ, "ಅಮ್ಮಾ, ಫೋನು ಆಗಲೇ ನಿಂತಿದೆ" ಎಂದಳು.

ಮಳೆ ನಿಂತಿರಲಿಲ್ಲ. ಡಾಕ್ಟರು ಏನು ಬೇಕಾದರೂ ಅಳೆದುಕೊಳ್ಳಲಿ ಎಂದುಕೊಂಡು, ಮಣೆಯಿಂದ ಏಳದೆ ಕೂತೇ ಇದ್ದೆ.