ಹಳದಿ ಗುಡ್ಡೆಯ ಚೂರು

ಕೌದಿ ಹೊಲಿಯುವಾಗ ನನ್ನ ಅವ್ವ ಬಟ್ಟೆಯ ಚೂರುಗಳನ್ನು ಯಾರದು ಯಾವುದೆಂದು ನೋಡಿ ಬೇರೆ ಬೇರೆ ಗಂಟು ಕಟ್ಟಿಡುತ್ತಿದ್ದಳು. ಇದು ಅತ್ತೆಯ ಇಳಕಲ್ ಸೀರೆ, ಇದು ಅಪ್ಪನ ಧೋತರ, ಇದು ಚಿಗವ್ವನ ಕುಪ್ಪಸ. ಕೂಸಿನ ಕೌದಿಯಾದರಂತೂ ಹಿರಿಯರು ಉಟ್ಟು ತೊಟ್ಟ ಬಟ್ಟೆಯೇ ಆಗಬೇಕು. ನಾನೋ ಹುನಗುಂದದ ಶಾಲೆಯೊಂದರಲ್ಲಿ ಮೂವತ್ತು ವರ್ಷ ಚಿತ್ರಕಲೆ ಕಲಿಸಿದವಳು. ನನಗೆ ಬಣ್ಣವೇ ದೊಡ್ಡದು. ಇಳಕಲ್ಲಿನ ನಮ್ಮ ಪಡಸಾಲೆಯಲ್ಲಿ ಕೆಂಪು, ಹಸಿರು, ನೀಲಿ, ಹಳದಿ ಎಂದು ನಾಲ್ಕು ಗುಡ್ಡೆ ಹಾಕಿಕೊಂಡು ಕೂತೆ. ಯಾವುದು ಯಾರ ಬಟ್ಟೆಯೆಂದು ನೋಡಲಿಲ್ಲ. ಆ ಜಾಣತನವೇ ನನಗೆ ಮುಳುವಾಯಿತು.

ಕೌದಿ ಮಗಳ ಕೂಸಿಗೆ. ಅವಳು ಏಳನೆಯ ತಿಂಗಳಿಗೆ ಬಾದಾಮಿಯಿಂದ ಹೆರಿಗೆಗೆಂದು ಬಂದಿದ್ದಳು. ಹುಟ್ಟುವ ಮೊದಲೇ ಕೂಸಿಗೆಂದು ಏನನ್ನೂ ಹೊಲಿಯಬಾರದು ಎಂಬುದು ನಮ್ಮ ಮನೆಯ ನಂಬಿಕೆ. ಈ ಸಲ ಹೊಲಿಯಲೇಬೇಕೆಂದು ಹಟ ಹಿಡಿದವಳು ಅವಳೇ. ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತು, “ಕೌದಿ ಯಾರಿಗ್ರಿ ಟೀಚರ್?” ಎಂದರೆ, “ಮನಿಗ್ರಿ” ಎನ್ನುತ್ತಿದ್ದೆ. ಮೂಢನಂಬಿಕೆ ಬೇಡವೆಂದು ಮಕ್ಕಳಿಗೆ ಪಾಠ ಹೇಳಿದ್ದೂ ಇದೇ ಬಾಯಿ!

ನನ್ನ ಅಂಜಿಕೆಗೆ ಕಾರಣವಿತ್ತು. ಎರಡು ವರ್ಷದ ಹಿಂದೆ, ಅವಳ ಮೊದಲ ಬಸಿರಿನಲ್ಲಿ, ಆಸೆ ತಡೆಯಲಾರದೆ ಗುಳೇದಗುಡ್ಡದ ಹಳದಿ ಖಣದಲ್ಲಿ, ಕುಪ್ಪಸಕ್ಕೆಂದು ತಂದ ಬಟ್ಟೆಯಲ್ಲಿ, ಒಂದು ಕುಂಚಿಗೆ ಹೊಲಿದಿದ್ದೆ. ಕೂಸಿನ ತಲೆಗೆ ಹಾಕಿ ಬೆನ್ನ ಮೇಲೆ ಇಳಿಬಿಡುವ ಟೊಪ್ಪಿಗೆ. ಮರುತಿಂಗಳೇ ಬಾಗಲಕೋಟೆಯ ದವಾಖಾನೆಯಲ್ಲಿ ಕೂಸು ಉಸಿರಿಲ್ಲದೆ ಹುಟ್ಟಿತು. ವೈದ್ಯರು ಏನೇನೋ ಕಾರಣ ಹೇಳಿದರು. ನನ್ನ ಕಿವಿಯಲ್ಲಿದ್ದುದು ನನ್ನ ಹೊಲಿಗೆ ಮಷೀನಿನ ಸದ್ದು ಮಾತ್ರ. ಕುಂಚಿಗೆಯ ಹೊಲಿಗೆ ಬಿಚ್ಚಿ, ಬಟ್ಟೆಯನ್ನು ಟ್ರಂಕಿನ ತಳಕ್ಕೆ ಹಾಕಿದೆ. ಯಾರಿಗೂ ಹೇಳಲಿಲ್ಲ.

ಕೌದಿ ಮುಗಿಯಲು ಇನ್ನೊಂದೇ ಚೌಕ ಉಳಿದಿತ್ತು. ಮಧ್ಯಾಹ್ನ ಊಟವಾಗಿ ಮಗಳು ಮಲಗಿದ್ದಳು. ನಡುವಿನ ಹಳದಿ ಚೌಕದ ಮೇಲೆ ಸುಮ್ಮನೆ ಕೈಯಾಡಿಸುತ್ತಿದ್ದಾಗ, ಒಂದು ಚೂರಿನ ಅಂಚಿನುದ್ದಕ್ಕೂ ಸಣ್ಣ ಸಣ್ಣ ತೂತುಗಳು ಕಂಡವು. ಬಿಚ್ಚಿದ ಹೊಲಿಗೆಯ ತೂತುಗಳು. ಒಳಗೆ ಓಡಿ ಟ್ರಂಕು ತೆರೆದರೆ ಖಣ ಅಲ್ಲಿರಲಿಲ್ಲ. ಬಣ್ಣ ಬೇರೆ ಮಾಡುವ ಭರದಲ್ಲಿ ಅದೂ ಹಳದಿಗೆ ಸೇರಿಹೋಗಿರಬೇಕು; ನಾನೇ ಕೈಯಾರೆ ಈ ಕೂಸಿನ ಕೌದಿಗೆ ಹೊಲಿದುಬಿಟ್ಟಿದ್ದೆ. ಕಣ್ಣಿದ್ದೂ ಕುರುಡಿಯಾದೆನಲ್ಲ ಎಂದು ನನ್ನನ್ನೇ ಬೈದುಕೊಳ್ಳುತ್ತ ಕತ್ತರಿ ಹಿಡಿದು ಕೂತೆ.

“ಅವ್ವಾ, ಏನ್ ಬಿಚ್ಚಾಕತ್ತೀ?”

ಮಗಳು ಎದ್ದು ಬಂದಿದ್ದಳು. “ಹೊಲಿಗಿ ಸೊಟ್ಟ ಆಗೇತಿ” ಎಂದೆ.

“ಸೊಟ್ಟ ಏನಿಲ್ಲ. ಅದನ್ನ ಟ್ರಂಕಿನಾಗಿಂದ ತಗದು ಹಳದಿ ಗುಡ್ಡಿಯೊಳಗ ಇಟ್ಟಾಕಿ ನಾನ.”

ನಾನು ಕತ್ತರಿ ಕೆಳಗಿಟ್ಟೆ. “ಅದೇನಂತ ನಿನಗ ಗೊತ್ತೈತೇನು?”

“ಆವಾಗ ಮಷೀನಿನ ಮ್ಯಾಲೆ ನೋಡಿದ್ದೆ. ಕುಂಚಿಗಿ.” ಸೊಂಟ ಹಿಡಿದುಕೊಂಡು ಮೆಲ್ಲಗೆ ನನ್ನ ಪಕ್ಕ ಕೂತಳು. “ಕೂಸಿನ ಕೌದ್ಯಾಗ ಹಿರೇರ ಬಟ್ಟಿ ಇರಬೇಕು ಅಂತ ನೀನ ಹೇಳ್ತಿದ್ದಿ. ಈ ಕೂಸಿಗೆ ಆ ಕೂಸೂ ಹಿರೇದಲ್ಲೇನವ್ವಾ?”

ನಾನು ಅತ್ತುಬಿಟ್ಟೆ. ಎರಡು ವರ್ಷ ಆ ಕೂಸಿನ ಸುದ್ದಿಯನ್ನೇ ಎತ್ತದೆ, ಮಗಳನ್ನು ಕಾಯುತ್ತಿದ್ದೇನೆ ಎಂದುಕೊಂಡಿದ್ದೆ. ಅವಳು ಕತ್ತರಿಯನ್ನು ಅತ್ತ ಸರಿಸಿ, ಸೂಜಿಗೆ ದಾರ ಪೋಣಿಸಿ ಕೊಟ್ಟಳು. ಕೊನೆಯ ಚೌಕ ಹೊಲಿದೆ.

ಹೆರಿಗೆಗೆ ಇನ್ನೂ ಆರು ವಾರವಿದೆ. ಅಂಜಿಕೆಯೇನೂ ಹೋಗಿಲ್ಲ, ಅವಳು ಸ್ನಾನಕ್ಕೆ ಹೋಗಿ ತುಸು ತಡವಾದರೂ ಬಾಗಿಲು ಬಡಿಯುತ್ತೇನೆ. ನಿನ್ನೆ ಕೌದಿಯನ್ನು ಬಿಸಿಲಿಗೆ ಹರವಿದಾಗ ಪಕ್ಕದ ಮನೆಯಾಕೆ ಮತ್ತೆ ಕೇಳಿದಳು, “ಯಾರಿಗ್ರಿ ಟೀಚರ್?”

“ಮಗಳ ಕೂಸಿಗ್ರಿ” ಎಂದೆ. “ಎರಡನೇ ಕೂಸಿಗೆ.”