ಚೀಟಿ ಅಕ್ಕನ ಹಸಿರು ಶಾಯಿ

ಬೆಳಿಗ್ಗೆ ಆರೂವರೆಗೆ ಗೋಡೆಯಾಚೆಯ ಲೇತ್ ಅಂಗಡಿ ಕಿರ್ರೆಂದು ಶುರುವಾಗುತ್ತದೆ. ಮೊದಲ ಗಳಿಗೆಯಲ್ಲಿ ಹಲ್ಲು ಜುಮ್ಮೆನ್ನಿಸುವ ಸದ್ದು. ಆಮೇಲೆ ಅದು ಸಣ್ಣಗಾಗಿ ಒಂದೇ ಸಮನೆ ಗುಂಯ್‌ಗುಡುತ್ತದೆ. ಇಪ್ಪತ್ತೆರಡು ವರ್ಷದಿಂದ ಆ ಸದ್ದಿಗೇ ಏಳುವ ಚೀಟಿ ಅಕ್ಕನಿಗೆ ಗಡಿಯಾರದ ಹಂಗಿಲ್ಲ.

ಬೀದಿಯ ಕೊನೆಯ ಸಣ್ಣ ಆಸ್ಪತ್ರೆಯಲ್ಲಿ ಅವಳು ಒಂಬತ್ತು ವರ್ಷ ಕಸ ಗುಡಿಸಿದಳು. ಒಂದು ದಿನ ಒದ್ದೆ ಮೆಟ್ಟಿಲಲ್ಲಿ ಜಾರಿ ಮೊಣಕಾಲು ಕೆಟ್ಟಿತು. ಅಂದಿನಿಂದ ಬಾಗಿಲ ಬಳಿಯ ಮೇಜಿಗೆ ಕೂತು ಬಂದವರಿಗೆ ನಂಬರಿನ ಚೀಟಿ ಬರೆಯುವುದು ಅವಳ ಕೆಲಸ. “ಕಾಲು ಹೋಯ್ತು, ಕುರ್ಚಿ ಬಂತು” ಎಂದು ಅವಳೇ ನಗುತ್ತಾಳೆ. ಅವಳ ನಿಜವಾದ ಹೆಸರು ಬೀದಿಗೆ ಮರೆತೇ ಹೋಗಿದೆ. ಸಿಟ್ಟು ಬಂದಾಗ ಗಂಡನೂ “ಏನಮ್ಮಾ ಚೀಟಿ ಅಕ್ಕಾ” ಎನ್ನುತ್ತಾನೆ.

ಎರಡು ವರ್ಷದ ಹಿಂದೆ ಬುಧವಾರಗಳಂದು ಮನಸ್ಸಿನ ಡಾಕ್ಟರಮ್ಮ ಬರತೊಡಗಿದರು. ಆಸ್ಪತ್ರೆಯವರು ಅವರಿಗೆ ಕೊನೆಯ ಕೋಣೆ ಕೊಟ್ಟು, ದಪ್ಪ ಅಕ್ಷರದ ಬೋರ್ಡು ಹಾಕಿದರು. ನಾಲ್ಕು ಬುಧವಾರ ಒಂದು ನರಪಿಳ್ಳೆಯೂ ಬರಲಿಲ್ಲ. ಡಾಕ್ಟರಮ್ಮ ಪೇಪರ್ ಓದಿ ಒಂದು ಗಂಟೆಯ ಬಸ್ಸಿಗೆ ಹೊರಟುಹೋಗುತ್ತಿದ್ದರು. ಜನ ಯಾಕೆ ಬರುವುದಿಲ್ಲವೆಂದು ಚೀಟಿ ಅಕ್ಕನಿಗೆ ಗೊತ್ತಿತ್ತು. ಜಗಲಿಯ ಬೆಂಚಿಗೆ ಎದುರೇ ಟೀ ಅಂಗಡಿ. ಆ ಬೋರ್ಡಿನ ಕೆಳಗೆ ಕೂತವರ ಸುದ್ದಿ ಸಂಜೆಯೊಳಗೆ ನೆಂಟರಿಷ್ಟರಿಗೆಲ್ಲ ಮುಟ್ಟುತ್ತಿತ್ತು.

ಅವಳಿಗೆ ಗೊತ್ತಿರಲು ಇನ್ನೊಂದು ಕಾರಣವೂ ಇತ್ತು. ಎರಡನೇ ಬಾಣಂತನದ ನಂತರ ಅವಳು ಎರಡು ವರ್ಷ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಸೋಮಾರಿ ಎಂದವರಿದ್ದರು, ನಾಟಕ ಎಂದವರಿದ್ದರು. ಎಲ್ಲಿಗಾದರೂ ಕರೆದುಕೊಂಡು ಹೋಗೋಣ ಎಂದವರಿರಲಿಲ್ಲ. ಹೇಗೋ ಎದ್ದಳು. ಮಗು ಮೊದಲ ಹೆಜ್ಜೆ ಇಟ್ಟದ್ದು ಮಾತ್ರ ಅವಳಿಗೆ ನೆನಪಿಲ್ಲ.

“ಡಾಕ್ಟರಮ್ಮಾ, ಆ ಬೋರ್ಡು ತೆಗೆಸಿಬಿಡಿ. ನಿಮ್ಮೋರನ್ನ ಕಣ್ಣಿನೋರ ಜೊತೆ ಕೂರಿಸ್ತೀನಿ” ಎಂದಳು ಐದನೇ ಬುಧವಾರ.

ಕಣ್ಣು ಪರೀಕ್ಷೆಯವರೂ ಬುಧವಾರವೇ ಪಕ್ಕದ ಕೋಣೆಗೆ ಬರುತ್ತಿದ್ದರು. ಕಣ್ಣಿನವರಿಗೆ ನೀಲಿ ಶಾಯಿಯ ಚೀಟಿ, ಮನಸ್ಸಿನವರಿಗೆ ಹಸಿರು. ಬೆಂಚು ಒಂದೇ. ಕೂಗುವುದು ಬರೀ ನಂಬರು, ಬಣ್ಣ ನೋಡಿ ಕೋಣೆ ತೋರಿಸುವವಳು ಅವಳೇ. ಬಣ್ಣದ ಗುಟ್ಟು ಅವಳಿಗೂ ಡಾಕ್ಟರಮ್ಮನಿಗೂ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ, ಕಣ್ಣು ಪರೀಕ್ಷೆಯವರಿಗೂ ಹೇಳಿರಲಿಲ್ಲ. ಅದರ ಬಗ್ಗೆ ಅವಳಿಗೆ ಒಳಗೊಳಗೇ ಹೆಮ್ಮೆ.

“ಏನಕ್ಕಾ, ನಮ್ಮ ಬೀದಿ ಹುಡುಗ್ರಿಗೆಲ್ಲ ಒಟ್ಟಿಗೇ ಕಣ್ಣು ಕೆಡ್ತಾ?” ಎಂದ ಟೀ ಅಂಗಡಿಯವ.

“ಮೊಬೈಲು ಕಣಪ್ಪಾ, ಮೊಬೈಲು. ನಿನ್ನ ಟೀ ಬಣ್ಣ ನೋಡಿದ್ರೂ ಕೆಡುತ್ತೆ.”

ಜೆರಾಕ್ಸ್ ಅಂಗಡಿಯ ಹುಡುಗಿಗೂ ಅವಳೇ ಹಸಿರು ಚೀಟಿ ಬರೆದದ್ದು. ಹದಿನೆಂಟರ ಹುಡುಗಿ, ತಾಯಿಯಿಲ್ಲ, ಚಿಕ್ಕಮ್ಮನ ಜೊತೆ ಇದ್ದಾಳೆ. ಒಂದು ಮಧ್ಯಾಹ್ನ ಮಿಷನ್ ಮುಂದೆ ನಿಂತಿದ್ದವಳು ಉಸಿರು ಸಿಕ್ಕಿಕೊಂಡು, ಕೈ ನಡುಗಿ, ಕಾಗದವೆಲ್ಲ ಚೆಲ್ಲಿ ಕುಸಿದಳು. ಸುತ್ತ ಜನ ಸೇರಿತು. ಅಂದಿನಿಂದ ಎಲ್ಲರೂ ತನ್ನನ್ನೇ ನೋಡುತ್ತಾರೆಂದು ಹೊಸ್ತಿಲು ದಾಟುವುದನ್ನು ಬಿಟ್ಟಳು. ಚಿಕ್ಕಮ್ಮ ಬಂದು ಕಣ್ಣೀರಿಟ್ಟಾಗ ಅಕ್ಕ ಮುಂದಿನ ಬುಧವಾರದ ಚೀಟಿಯನ್ನು ಮೊದಲೇ ಬರೆದು ಕೈಗಿತ್ತಳು. ಆ ಬುಧವಾರ ಅಕ್ಕನಿಗೇ ಜ್ವರ. ಎದ್ದ ಮೇಲೆ ಕೇಳಿದರೆ “ಹೋಗಿ ಬಂದ್ವಿ ಅಕ್ಕ, ನೋಡಿದ್ರು” ಎಂದಳು ಚಿಕ್ಕಮ್ಮ. ಅಕ್ಕನಿಗೆ ಮನಸ್ಸು ಹಗುರಾಯಿತು.

ಎರಡು ವಾರ ಕಳೆದು, ಮತ್ತೆ ಬುಧವಾರ. ಬೆಳಿಗ್ಗೆ ನಲ್ಲಿಯ ಹತ್ತಿರ ಆ ಹುಡುಗಿ ಒಂದು ಕೈಯಲ್ಲಿ ಬಿಂದಿಗೆ ಹಿಡಿದು, ಇನ್ನೊಂದು ಕೈಯಲ್ಲಿ ಗೋಡೆ ಸವರಿಕೊಂಡು ಬರುತ್ತಿದ್ದಳು. ಮೂಗಿನ ಮೇಲೆ ಅಜ್ಜಿಯರು ಹಾಕುವಂಥ ದಪ್ಪ ಕನ್ನಡಕ.

“ಏನೇ ಇದು?”

“ನೀವೇ ಕೊಡ್ಸಿದ್ದಲ್ವಾ ಅಕ್ಕ?”

ಅಕ್ಕ ಒಂದೊಂದಾಗಿ ಕೇಳಿ ನಡೆದದ್ದನ್ನು ತಿಳಿದುಕೊಂಡಳು. ಅವಳಿಗೆ ಜ್ವರ ಬಂದ ದಿನ ಮೇಜಿಗೆ ಕೂತವನು ಗಾಯಕ್ಕೆ ಪಟ್ಟಿ ಕಟ್ಟುವವನು. ಅವನಿಗೆ ಹಸಿರೇನು, ನೀಲಿಯೇನು? ಕಣ್ಣಿನ ಕೋಣೆಗೆ ಕಳಿಸಿದ್ದ. ಗೋಡೆಯ ಮೇಲಿನ ಅಕ್ಷರ ಓದು ಎಂದರೆ ಹುಡುಗಿಗೆ ದನಿಯೇ ಹೊರಡಲಿಲ್ಲ. ಹೊರಗೆ ಉದ್ದ ಸಾಲು. ಕಣ್ಣು ಪರೀಕ್ಷೆಯವರು ಗಾಜಿನ ಮೇಲೆ ಗಾಜು ಬದಲಿಸಿದರು. ಒಮ್ಮೆ ಇದು ಮುಗಿದರೆ ಸಾಕೆಂದು ಅವಳು ಯಾವುದೋ ಒಂದಕ್ಕೆ ತಲೆಯಾಡಿಸಿದಳು. ಇದೇ ಮನಸ್ಸಿನ ಔಷಧವಿರಬೇಕೆಂದು ಅವಳೂ ಚಿಕ್ಕಮ್ಮನೂ ನಂಬಿಬಿಟ್ಟರು.

“ತಲೆ ಸಿಡಿಯುತ್ತೆ ಅಕ್ಕ. ಆದ್ರೆ ದೂರದಲ್ಲಿರೋರ ಮುಖ ಕಾಣಲ್ಲ. ಯಾರು ನನ್ನ ನೋಡ್ತಿದ್ದಾರೆ ಅಂತ ಗೊತ್ತೇ ಆಗಲ್ಲ. ಅದಕ್ಕೇ ಇವತ್ತು ಹೊರಗೆ ಬಂದೆ.” ಸ್ವಲ್ಪ ತಡೆದು ಮೆಲ್ಲಗೆ ಅಂದಳು, “ರಾತ್ರಿ ನಿದ್ದೆ ಮಾತ್ರ ಇಲ್ಲ. ಡಾಕ್ಟರು ಕೊಟ್ಟಿದ್ದಕ್ಕೂ ವಾಸಿಯಾಗಲಿಲ್ಲ ಅಂದ್ರೆ, ಇನ್ನು ನನಗೆ ಏನೂ ಉಳಿದಿಲ್ಲ ಅನ್ಸುತ್ತೆ ಅಕ್ಕ. ಬದುಕೋದೇ ಬೇಡ ಅನ್ಸುತ್ತೆ.”

ಅಕ್ಕ ಬಿಂದಿಗೆಯನ್ನು ಅವಳ ಕೈಯಿಂದ ತೆಗೆದು ಕಟ್ಟೆಯ ಮೇಲಿಟ್ಟಳು. ಮುಂದಿನ ಎರಡು ವಾರ ಡಾಕ್ಟರಮ್ಮ ತರಬೇತಿಗೆ ಹೋಗುವವರಿದ್ದರು. ಇವತ್ತು ಅವರ ಒಂದು ಗಂಟೆಯ ಬಸ್ಸಿಗೆ ಮೊದಲು ಆಗದಿದ್ದರೆ ಇಲ್ಲ.

“ತಪ್ಪು ನಂದು ಕಣೇ. ನೀನು ಇನ್ನೂ ಆ ಡಾಕ್ಟರನ್ನ ನೋಡೇ ಇಲ್ಲ. ನಡಿ, ಈಗ್ಲೇ.”

“ಆ ಬೆಂಚಿನ ಮೇಲೆ ಮತ್ತೆ ಕೂರೋಕೆ ನನ್ನಿಂದ ಆಗಲ್ಲ.”

“ಕೂರು ಅಂದೋರ್ಯಾರು?”

ಆಸ್ಪತ್ರೆಯ ಹಿಂದೆ ಪೊರಕೆ, ಬಕೆಟ್ ಇಡುವ ಗೂಡಿಗೊಂದು ಬಾಗಿಲಿದೆ. ಒಂಬತ್ತು ವರ್ಷ ಅದರಲ್ಲೇ ಒಳಗೆ ಹೋಗಿ ಬಂದವಳು ಅಕ್ಕ. ಫಿನಾಯಿಲ್ ಡಬ್ಬಗಳ ನಡುವೆ ಹುಡುಗಿಯ ಕೈ ಹಿಡಿದು ನಡೆಸಿ, ನೇರ ಕೊನೆಯ ಕೋಣೆಗೆ ತಂದಳು. ಒಂಬತ್ತಕ್ಕೆ ಡಾಕ್ಟರಮ್ಮ ಬಂದಾಗ ಅವರಿಬ್ಬರೂ ಒಳಗೇ ಕೂತಿದ್ದರು. ಅಕ್ಕ ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು, ಹುಡುಗಿ ಕೊನೆಗೆ ಅಂದ ಮಾತನ್ನೂ ಮುಚ್ಚಿಡಲಿಲ್ಲ. ಹುಡುಗಿ ಕನ್ನಡಕಕ್ಕೆ ಕೈ ಹಾಕಿದಳು.

“ಇರಲಿ ಬಿಡು, ನಿನಗೆ ಯಾವಾಗ ತೆಗೀಬೇಕು ಅನ್ಸುತ್ತೋ ಆಗ ತೆಗಿ” ಎಂದ ಡಾಕ್ಟರಮ್ಮ ತಮ್ಮ ಕುರ್ಚಿಯನ್ನು ಅವಳ ಮೊಣಕಾಲಿನ ಹತ್ತಿರಕ್ಕೆ ಎಳೆದುಕೊಂಡರು. ಅಷ್ಟು ಹತ್ತಿರದ ಮುಖ ಆ ಗಾಜಿನಲ್ಲೂ ಸ್ಪಷ್ಟವಾಗಿ ಕಂಡಿರಬೇಕು. ಹುಡುಗಿ ಒಮ್ಮೆ ಬೆಚ್ಚಿದಳು, ಆದರೆ ಮುಖ ತಿರುಗಿಸಲಿಲ್ಲ. ಅಕ್ಕ ಬಾಗಿಲು ಎಳೆದುಕೊಂಡು ಹೊರಗೆ ಬಂದಳು.

ಆಮೇಲಿನ ಮುಕ್ಕಾಲು ಗಂಟೆ ಅವಳ ಕೈ ಒಂದು ಕಡೆ, ಗಮನ ಇನ್ನೊಂದು ಕಡೆ. ಹದಿನೇಳನೇ ನಂಬರನ್ನು ಎರಡು ಸಲ ಬರೆದಳು. ಇಬ್ಬರು ಹದಿನೇಳರವರು ನಾನು ಮೊದಲು, ತಾನು ಮೊದಲು ಎಂದು ಜಗಳಕ್ಕೆ ನಿಂತರು. ಅವರನ್ನು ಸಮಾಧಾನ ಮಾಡಿ, ಪಟ್ಟಿ ಕಟ್ಟುವವನನ್ನೂ ಕಣ್ಣು ಪರೀಕ್ಷೆಯವರನ್ನೂ ಕರೆದು, ಬಣ್ಣದ ಗುಟ್ಟು ಬಿಚ್ಚಿಟ್ಟಳು.

ಕಣ್ಣು ಪರೀಕ್ಷೆಯವರ ಮುಖ ಮೊದಲು ಸಣ್ಣದಾಯಿತು. “ಆ ಹುಡುಗಿ ಸುಮ್ನೆ ನಿಂತಾಗ್ಲೇ ನಾನು ಕೇಳ್ಬೇಕಿತ್ತು” ಎಂದರು. ಆಮೇಲೆ, “ಎರಡು ವರ್ಷದಿಂದ ನನ್ನ ಸಾಲನ್ನ ಪರದೆ ಮಾಡ್ಕೊಂಡಿದ್ದೀಯಲ್ಲಮ್ಮಾ! ನನಗೂ ಒಂದು ಹಸಿರು ಚೀಟಿ ಬರಿ. ಈ ಸಾಲು ನೋಡಿ ನೋಡಿ ನನಗೂ ಬೇಕಾಗಿದೆ.”

“ಬರೀತೀನಿ ಸಾರ್. ಆದ್ರೆ ನೀವೂ ಬೆಂಚಲ್ಲೇ ಕಾಯ್ಬೇಕು.”

ಬಾಗಿಲು ತೆರೆಯಿತು. ಹುಡುಗಿಯ ಕಣ್ಣು ಅತ್ತು ಕೆಂಪಾಗಿತ್ತು, ಹುಬ್ಬಿನ ನಡುವಿನ ಗಂಟು ಸಡಿಲಾಗಿತ್ತು.

“ಇದಕ್ಕೊಂದು ಹೆಸರಿದೆಯಂತೆ ಅಕ್ಕ. ನನ್ನಂಥೋರು ತುಂಬಾ ಜನ ಇದ್ದಾರಂತೆ. ಸರಿಹೋಗುತ್ತಂತೆ, ನಿಧಾನಕ್ಕೆ.”

“ಮಾತ್ರೆ ಕೊಟ್ರಾ?”

“ಸಣ್ಣದೊಂದು. ಅವರಿಲ್ಲದ ಎರಡು ವಾರ ದಿನ ಬಿಟ್ಟು ದಿನ ಫೋನ್ ಮಾಡ್ತಾರಂತೆ. ಚಿಕ್ಕಮ್ಮನ ಜೊತೆನೂ ಈಗ ಮಾತಾಡ್ಬೇಕಂತೆ, ರಾತ್ರಿ ಅವರ ಪಕ್ಕದಲ್ಲೇ ಮಲಗು ಅಂದ್ರು.” ಆಮೇಲೆ ಸಂಕೋಚದಿಂದ, “ಅಕ್ಕ, ತುಂಬಾ ಹಸಿವಾಗ್ತಿದೆ.”

ಹಸಿವು ಎಂಬ ಆ ಒಂದು ಮಾತಿಗೆ ಅಕ್ಕನ ಬೆಳಿಗ್ಗೆಯಿಂದ ಬಿಗಿಹಿಡಿದಿದ್ದ ಭುಜ ತಾನಾಗಿ ಇಳಿಯಿತು. ತನ್ನ ಡಬ್ಬಿಯಿಂದ ಎರಡು ಬಾಳೆಹಣ್ಣು ತೆಗೆದು ಕೊಟ್ಟು, ಅವಳು ಎರಡನ್ನೂ ತಿಂದು ಮುಗಿಸುವವರೆಗೆ ಯಾರ ನಂಬರನ್ನೂ ಕೂಗಲಿಲ್ಲ.

ಅಷ್ಟರಲ್ಲಿ ಚಿಕ್ಕಮ್ಮ ಏದುಸಿರು ಬಿಡುತ್ತ ಬಂದಳು. ನಲ್ಲಿಯ ಬಳಿ ಬಿಂದಿಗೆ ಮಾತ್ರ ಕಂಡು ಅವಳ ಜೀವವೇ ಹಾರಿಹೋಗಿತ್ತಂತೆ. ವಿಷಯ ತಿಳಿದು ಹಣೆ ಹಣೆ ಚಚ್ಚಿಕೊಂಡಳು. ಒಳಗೆ ಹೋಗಿ ಡಾಕ್ಟರಮ್ಮನ ಮಾತು ಕೇಳಿ ಬಂದಾಗ ಕಾಲಿಗೆ ಸ್ವಲ್ಪ ನೆಲ ಸಿಕ್ಕಂತಿದ್ದಳು.

“ಅಕ್ಕಾ, ಬೀದಿಯವರು ಕೇಳಿದ್ರೆ ಏನು ಹೇಳ್ಲಿ?”

“ಬೀದಿ ಕೇಳುತ್ತೆ, ಬೀದಿಗೆ ಬೇರೆ ಕೆಲಸ ಏನಿದೆ? ನೀನು ಮೊದ್ಲು ಮನೆಗೆ ಹೋಗಿ ಇವಳಿಗೆ ಬಿಸಿಯಾಗಿ ಏನಾದ್ರೂ ಮಾಡಿ ಹಾಕು. ಮಲಗಿದ್ರೆ ಎಬ್ಬಿಸ್ಬೇಡ. ಸಂಜೆ ನಾನೇ ಬರ್ತೀನಿ, ಬಂದು...”

ಜಗಲಿಯಲ್ಲಿ ನೀಲಿ ಚೀಟಿ ಹಿಡಿದ ಮುದುಕರೊಬ್ಬರು ಕೊನೆಯ ಕೋಣೆಯ ಬಾಗಿಲು ನೂಕುತ್ತಿದ್ದರು. “ಅಯ್ಯೋ ತಾತಾ, ಆ ಬಾಗಿಲಲ್ಲ!” ಎಂದು ಕೂಗಿ, ಕೆಟ್ಟ ಮೊಣಕಾಲನ್ನು ಮರೆತು ದಾಪುಗಾಲು ಹಾಕುತ್ತ, ಅಕ್ಕ ಹಿಂದಿರುಗಿ ನೋಡದೆಯೇ ಅಂದಳು, “ಬಂದು ಇವಳ ಹತ್ರ ಕೂತು ಹೇಳ್ತೀನಿ, ನಾನೂ ಒಂದು ಕಾಲದಲ್ಲಿ ಹೇಗಿದ್ದೆ ಅಂದ್ರೆ, ಎರಡು ವರ್ಷ...”